ಗೋಳದ ಮೇಲಿನ ಹಸಿರು ದಾರ

ನನ್ನ ಮೇಜಿನ ಮೇಲಿರುವ ಗ್ಲೋಬಿಗೆ ಅಂಗೈಯಗಲದಷ್ಟು ಉದ್ದದ ಒಂದು ಹಸಿರು ದಾರ ಅಂಟಿಕೊಂಡಿದೆ. ಧೂಳು ಒರೆಸುವಾಗ ಅದನ್ನು ಮುಟ್ಟಕೂಡದೆಂದು ಹೆಂಡತಿಗೆ ಆಜ್ಞೆ ಮಾಡಿದ್ದೆ. ಈ ಮನೆಯಲ್ಲಿ ಇದುವರೆಗೆ ಊರ್ಜಿತವಾದ ನನ್ನ ಆಜ್ಞೆ ಇದೊಂದೇ.

ಕಡೂರಿನ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದ ನಾನು ಬೆತ್ತದ ತುದಿಯಿಂದ ಸಪ್ತಸಾಗರಗಳನ್ನು ದಿನವೂ ದಾಟಿದವನು, ಆದರೆ ವಿಮಾನದ ಮೆಟ್ಟಿಲು ತುಳಿದವನಲ್ಲ. ಆಯುಷ್ಯದಲ್ಲಿ ಕೈಗೊಂಡ ಏಕೈಕ ಸಾಹಸಯಾತ್ರೆ ಹೆಬ್ಬೆ ಜಲಪಾತದ್ದು. ಅದರಲ್ಲೂ ಜಿಗಣೆಗಳಿಗೆ ಹೆದರಿ ಅರ್ಧದಾರಿಯಿಂದಲೇ ಮರಳಿದೆ. ಇಂಥ ಪಂಡಿತನ ಬಳಿಗೆ ವೈಮಾನಿಕ ಸಮಸ್ಯೆಯೊಂದು ಬಂತೆಂದರೆ ನೀವು ನಗಬಹುದು, ಅಡ್ಡಿಯಿಲ್ಲ.

ಪಕ್ಕದ ಮನೆಯ ಜೈನಾಬಿ ನಮ್ಮ ಬೀದಿಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿದುಕೊಡುವವರು. ಕಾಬಾ ದರ್ಶನದ ಉಮ್ರಾ ಯಾತ್ರೆ ಮಾಡಬೇಕೆಂಬುದು ಅವರ ಜೀವಮಾನದ ಹಂಬಲ. ಕರೆದೊಯ್ಯಲು ಅವರ ತಮ್ಮ ಸಿದ್ಧನಾಗಿದ್ದ, ಬೆಂಗಳೂರಿನಿಂದ ಜೆದ್ದಾಕ್ಕೆ ನೇರ ವಿಮಾನವೂ ಇತ್ತು. ಆದರೆ ಅವನ ಫೋನಿನಲ್ಲಿ ವಿಮಾನದ ದಾರಿ ನೋಡಿದ್ದೇ ತಡ, ಜೈನಾಬಿ ಒಲ್ಲೆನೆಂದು ಕೂತುಬಿಟ್ಟರು. ಮರುದಿನವೇ ಟಿಕೆಟ್ ತೆಗೆಸಬೇಕಿತ್ತು. ನೀವಾದರೂ ಬುದ್ಧಿ ಹೇಳಿ ಎಂದು ಆ ತಮ್ಮ ನನ್ನನ್ನು ಕರೆದುಕೊಂಡು ಹೋದ.

"ನೋಡಿ ಮೇಷ್ಟ್ರೇ, ದಾರಿ ಹೆಂಗ್ ಬಾಗೈತೆ. ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗೋ ತಿರುವಿಗೇ ನಂಗೆ ವಾಂತಿ ಆಗ್ತದೆ. ನಾಲ್ಕು ಸಾವಿರ ಕಿಲೋಮೀಟ್ರು ಹಿಂಗೇ ಬಾಗ್ಕೊಂಡು ಹೋದ್ರೆ ನಾನು ಉಳೀತೀನಾ?"

ನಾನು ಗಂಟಲು ಸರಿಮಾಡಿಕೊಂಡು ಮಹಾವೃತ್ತ, ಅಕ್ಷಾಂಶ, ನಕ್ಷಾಪ್ರಕ್ಷೇಪ ಎಂದು ವಿವರಿಸತೊಡಗಿದೆ. ಮೂವತ್ತು ವರ್ಷ ನನ್ನ ವಿದ್ಯಾರ್ಥಿಗಳೆಲ್ಲ ಬಹಿರಂಗವಾಗಿ ಆಕಳಿಸಿದ್ದರು; ಜೈನಾಬಿ ಮರ್ಯಾದಸ್ಥರು, ಸೆರಗು ಅಡ್ಡ ಹಿಡಿದು ಆಕಳಿಸಿದರು. ಸೋತು ಮನೆಗೆ ಹೋಗಿ ಗ್ಲೋಬನ್ನೇ ಎತ್ತಿಕೊಂಡು ಬಂದೆ.

ಅವರು ನನ್ನ ಮಾತಿಗೆ ಕಾಯಲಿಲ್ಲ. ಹೊಲಿಗೆಯಂತ್ರದ ಉಂಡೆಯಿಂದ ಹಸಿರು ದಾರ ಎಳೆದು, ಬೆಂಗಳೂರಿನ ಮೇಲೆ ಹೆಬ್ಬೆರಳು ಒತ್ತಿ, ಜೆದ್ದಾ ಎಲ್ಲಿದೆಯೆಂದು ಕೇಳಿ, ಅಲ್ಲಿಗೆ ಬಿಗಿಯಾಗಿ ಎಳೆದು ಹಿಡಿದರು. ಗ್ಲೋಬನ್ನೊಮ್ಮೆ, ಫೋನನ್ನೊಮ್ಮೆ ನೋಡಿದರು.

"ಮೈ ಉಬ್ಬಿಗೆ ಬಟ್ಟೆ ಮಡಚಿ ಟಕ್ಸ್ ಹಿಡಿದ ರವಿಕೆ ಮೈಮೇಲೆ ಸರಿಯಾಗೇ ಕೂತಿರ್ತದೆ. ಬಿಚ್ಚಿ ಚಾಪೆ ಮೇಲೆ ಹರಡಿದ್ರೆ ಹೊಲಿಗೆ ಸೊಟ್ಟ ಕಾಣ್ತದೆ. ಬಾಗಿರೋದು ಫೋನಲ್ಲಿ ಮೇಷ್ಟ್ರೇ, ದಾರಿ ನೆಟ್ಟಗೇ ಐತೆ."

ನಾನು ಮೂವತ್ತು ವರ್ಷದಲ್ಲಿ ಒಬ್ಬರಿಗೂ ತಿಳಿಸಲಾಗದ ಪಾಠವನ್ನು ಅವರು ಒಂದು ರವಿಕೆಯಲ್ಲಿ ಮುಗಿಸಿದ್ದರು. ನಾಚಿಕೆಯಾಗಬೇಕಿತ್ತು, ಬದಲಿಗೆ, ನಿವೃತ್ತಿಯ ನಂತರವಾದರೂ ನನಗೊಬ್ಬ ಗುರು ಸಿಕ್ಕರೆಂದು ಹಿಗ್ಗಾಯಿತು. ಆ ದಾರವನ್ನು ಗ್ಲೋಬಿನ ಮೇಲೆ ಹಾಗೇ ಅಂಟಿಸಿಟ್ಟುಕೊಂಡೆ. ಟಿಕೆಟ್ ಬಂತು. ಮುನ್ನೆಚ್ಚರಿಕೆಗೆಂದು ನನ್ನ ಹೆಂಡತಿ ಒಂದು ನಿಂಬೆಹಣ್ಣು ಕೊಟ್ಟು ಕಳಿಸಿದಳು.

ಹಿಂದಿರುಗಿದ ಜೈನಾಬಿ ಖರ್ಜೂರದ ಜೊತೆಗೆ ಆ ನಿಂಬೆಹಣ್ಣನ್ನೂ ತಂದುಕೊಟ್ಟರು. ಅದು ಒಣಗಿ ಅಡಕೆಯಷ್ಟಾಗಿತ್ತು. ವಿಮಾನದಲ್ಲಿ ಅದನ್ನು ಹೊರತೆಗೆಯುವ ಪ್ರಸಂಗವೇ ಬರಲಿಲ್ಲವಂತೆ. ಹೊರಡಲು ಎದ್ದವರು ಬಾಗಿಲಲ್ಲಿ ನಿಂತರು.

"ಕಾಬಾ ಮುಂದೆ ನಮ್ಮೋರ ಹೆಸ್ರೆಲ್ಲ ಹೇಳಿ ದುವಾ ಮಾಡ್ದೆ. ನಿಮ್ದೂ ಹೇಳ್ದೆ ಮೇಷ್ಟ್ರೇ."

ನನ್ನ ಕಣ್ಣು ತುಂಬಿಬಂತು.

ಇಂದು ಬೆಳಿಗ್ಗೆ ನೋಡುತ್ತೇನೆ, ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಹೆಂಡತಿ ಆ ದಾರದ ತುದಿಗಳಿಗೆ ಹೊಸದಾಗಿ ಗೋಂದು ಹಚ್ಚುತ್ತಿದ್ದಳು. ನನ್ನ ಆಜ್ಞೆಗೆ ಇನ್ನು ಕೆಲಸವಿಲ್ಲ. ಹೆಬ್ಬೆಯವರೆಗೂ ಹೋಗಲಾರದವನ ಹೆಸರು ಅಷ್ಟು ದೂರ ಹೋಗಿಬಂದಿದೆ.