ಪೇಟಕ್ಕೆ ಕೊಟ್ಟ ತಲೆ

ಈ ದಿನ ಬಟ್ಟೆ ಒಗೆದೆ, ಹುರುಳಿ ಆರಿಸಿದೆ, ದೋಸೆಗೆ ರುಬ್ಬಿದೆ. ರುಬ್ಬುವಾಗ ಕುಂಬಾರಕೊಪ್ಪಲಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಪೇಟ ಕಟ್ಟುವವರು ನೆನಪಾದರು. ಯಾರು ಸಿಕ್ಕಿದರೂ ಅಳತೆಯ ದಾರ ಹಿಡಿದು, "ಒಂದ್ಗಳಿಗೆ ತಲೆ ಕೊಡಿ" ಅನ್ನುತ್ತಿದ್ದರು.

ಒಮ್ಮೆ ಮುಹೂರ್ತ ಹತ್ತಿರವಾದರೂ ಮದುವೆ ಗಂಡಿನ ಪೇಟ ಆಗಿರಲಿಲ್ಲ. ಅವನ ಅಳತೆಗೆ ಬೀದಿಯಲ್ಲಿ ಸರಿಹೊಂದಿದ್ದು ನನ್ನ ತಲೆಯೊಂದೇ. ನಮ್ಮ ನಡುಮನೆಯಲ್ಲೇ ಕೂರಿಸಿ ಸುತ್ತಿದರು.

ಬಿಸಿಲಿನಿಂದ ಒಳಬಂದ ಅತ್ತೆ, ಹಿಂದಿನಿಂದ ಜರಿಪೇಟ ಕಂಡು ಯಾರೋ ದೊಡ್ಡವರೆಂದು ಸೆರಗು ಹೊದ್ದು, "ಬನ್ನಿ ಬುದ್ಧಿ. ನಮ್ ಸೊಸೆ ಎಲ್ಲಿ ಹಾಳಾಗೋದ್ಲೋ, ನೀರೂ ಕೊಟ್ಟಿಲ್ಲ" ಎಂದರು.

ನಾನು ನಕ್ಕೆ, ಪೇಟ ಕುಣಿಯಿತು.

"ನಗ್ಬೇಡಿ ಕಣಮ್ಮ, ಬಿಚ್ಕೊಂಡ್ರೆ ಮದುವೆ ನಿಂತೋಯ್ತದೆ" ಎಂದು ಪೇಟ ಕಟ್ಟುವವರು ನನ್ನ ತಲೆ ಒತ್ತಿಹಿಡಿದು ತಾವೇ ನಕ್ಕರು.

ಪೇಟ ಹೊತ್ತಿಗೆ ಸರಿಯಾಗಿ ತಲುಪಿತು. ರಾತ್ರಿ ಅವರು ತಂದುಕೊಟ್ಟ ಚಿರೋಟಿ ತಿಂದೆವು. ಅತ್ತೆ ಮೊದಲನೆಯದನ್ನು ನನಗೇ ಬಡಿಸಿ, "ತಿನ್ನಿ ಬುದ್ಧಿ" ಎಂದು ಹೇಳಿ, ಎಲ್ಲರಿಗಿಂತ ಮೊದಲು ಮಲಗಿದರು.