ಫ್ಯೂಸಿನ ಜಾಗದಲ್ಲಿ ಗುಂಡಿ

ಕ್ಷಮಿಸಿಬಿಡು ಎಂದು ಓಬಳಪ್ಪನಿಗೆ ಒಂಬತ್ತು ವರ್ಷ ಬುದ್ಧಿ ಹೇಳಿದವರೆಲ್ಲ ಇನ್ನೂ ರಾಯದುರ್ಗದಲ್ಲೇ ಇದ್ದಾರೆ. ಅವರ ಹೆಸರಿಗೆ ಯಾರೂ ಮಸಿ ಬಳಿದಿರಲಿಲ್ಲ, ಅದಕ್ಕೇ ಅವರಿಗೆ ಕ್ಷಮೆ ಅಗ್ಗ. ನಾನಂತೂ ಹಾಗೆ ಹೇಳಲಿಲ್ಲ. ನಾನು ನರಸಕ್ಕ, ಜೀನ್ಸ್ ಪ್ಯಾಂಟಿಗೆ ಹಿತ್ತಾಳೆ ಗುಂಡಿ ಹೊಡೆಯುವ ಮಿಷನ್ನಿನ ಮುಂದೆ ಹದಿನೆಂಟು ವರ್ಷ ಕೂತವಳು.

ಓಬಳಪ್ಪ ಮಡಕಶಿರಾ ಕಡೆಯವನು, ರತ್ನಗಿರಿ ಹತ್ತಿರದ ಹಳ್ಳಿ. ಟೈಲರಿಂಗ್ ಕಲಿಯಲು ಇಲ್ಲಿಗೆ ಬಂದ. ಮೊದಲ ತಿಂಗಳಲ್ಲೇ ಸೂಜಿ ಬೆರಳಿಗೆ ಇಳಿಯಿತು. ಹೊಲಿಗೆ ತನ್ನ ಹಣೆಯಲ್ಲಿ ಬರೆದಿಲ್ಲ ಎಂದುಕೊಂಡು ಗಾಡಿಗಳ ವೈರಿಂಗ್ ಕಲಿತು ಪಿಕಪ್ ಸ್ಟ್ಯಾಂಡಿನ ಪಕ್ಕ ಅಂಗಡಿ ಇಟ್ಟ. ಆಗ ಜೀನ್ಸ್ ಬಂಡಲ್ ಹೊತ್ತ ಪಿಕಪ್ಪುಗಳು ಸೊಲ್ಲಾಪುರ, ಹೈದರಾಬಾದ್ ಅಂತ ಎರಡು ಮೂರು ದಿನ ದಾರಿಯಲ್ಲೇ ಇರುತ್ತಿದ್ದವು. ಡ್ರೈವರುಗಳು ಕ್ಯಾಬಿನ್ನಿನಲ್ಲೇ ಉಂಡು ಮಲಗುವವರು. ಅವರಿಗೆ ಫ್ಯಾನು ಬೇಕು, ಲೈಟು ಬೇಕು, ಮೊಬೈಲು ಚಾರ್ಜ್ ಆಗಬೇಕು. ಬ್ಯಾಟರಿಯಿಂದ ಒಳಗೆ ಕರೆಂಟು ತರುವುದರಲ್ಲಿ ಓಬಳಪ್ಪನ ಕೈ ಪಳಗಿತ್ತು. ಬ್ಯಾಟರಿಯಿಂದ ಗೇಣು ದೂರದೊಳಗೆ ಫ್ಯೂಸ್ ಇರಲೇಬೇಕು, ವೈರು ತಗಡು ತೂರುವ ಕಡೆ ಸೈಕಲ್ ಟ್ಯೂಬ್ ಸುತ್ತಲೇಬೇಕು. ಫ್ಯೂಸ್ ಸುಟ್ಟರೆ ಎಲ್ಲೋ ಏನೋ ತಗುಲಿದೆ ಅಂತ ಅರ್ಥ, ಬೇರೇನೂ ತುರುಕಬೇಡಿ, ನನ್ನ ಹತ್ತಿರ ಬನ್ನಿ ಎಂದು ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತಿದ್ದ.

ಹಾಗೆ ಹೇಳಿಸಿಕೊಂಡವರಲ್ಲಿ ಸೂರಪ್ಪನೂ ಒಬ್ಬ. ನಮ್ಮ ಯೂನಿಟ್ಟಿನ ಮಾಲು ಸಾಗಿಸುವವನು. ಲೋಡ್ ಆಗುವವರೆಗೆ ನನ್ನ ಮಿಷನ್ ಪಕ್ಕ ನಿಂತು ಹರಟೆ ಹೊಡೆದು, ಹೋಗುವಾಗ ಡಬ್ಬಿಯಿಂದ ನಾಲ್ಕು ಗುಂಡಿ ಜೇಬಿಗೆ ಇಳಿಸುವುದು ಅವನ ಅಭ್ಯಾಸ. ನಮ್ಮೂರಲ್ಲಿ ಗುಂಡಿಗೆ ಬರವಿಲ್ಲ. ಚೌಕಾಬಾರ ಆಡಲು ಗುಂಡಿ, ಹರಿದ ಟಾರ್ಪಲ್ಲಿಗೆ ಗುಂಡಿ. ಸೂರಪ್ಪ ಇನ್ನೊಂದು ಉಪಯೋಗ ಕಂಡುಹಿಡಿದ. ಫ್ಯೂಸ್ ಸುಟ್ಟಾಗ ಅದರ ಜಾಗಕ್ಕೆ ಗುಂಡಿ ಒತ್ತಿದ. ಗುಂಡಿ ಸುಡುವುದಿಲ್ಲ, ಅದರ ಬದಲು ವೈರು ಸುಡುತ್ತದೆ. ಚಳ್ಳಕೆರೆ ದಾಟುವಾಗ ಗಾಡಿ ಹೊತ್ತಿಕೊಂಡಿತು. ಇವನು ಹಾರಿ ಬದುಕಿದ. ದೀಪಾವಳಿಗೆ ಹೊರಟಿದ್ದ ಮಾಲೆಲ್ಲ ಬೂದಿಯಾಯಿತು.

ಊರಿಗೆ ಬಂದವನೇ ಎಲ್ಲರ ಮುಂದೆ, ಓಬಳಪ್ಪನ ವೈರಿಂಗಿನಿಂದಲೇ ಹೀಗಾಯಿತು ಎಂದ. ಅವತ್ತಿನಿಂದ ಅವನಿಗೆ ಬೆಂಕಿ ಓಬಳಪ್ಪ ಎಂಬ ಹೆಸರು ಅಂಟಿತು. ಪಿಕಪ್ಪಿನವರು ಅವನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಲೂ ಹೆದರಿದರು. ಶಾಲೆಯಲ್ಲಿ ಅವನ ಮಗಳು ಜ್ಯೋತಿಯನ್ನು ಬೆಂಕಿ ಜ್ಯೋತಿ ಎಂದು ಕರೆದರು. ಅವಳು ಅಳುತ್ತಾ ಮನೆಗೆ ಬಂದ ದಿನ ಓಬಳಪ್ಪ ಅನ್ನ ಮುಟ್ಟಲಿಲ್ಲ. ಬಳ್ಳಾರಿಯ ಗುಜರಿಗೆ ಹೋಗಿ ಆ ಗಾಡಿ ಹುಡುಕಿ, ಕರಕಲಾದ ಫ್ಯೂಸ್ ಡಬ್ಬಿ ಕಿತ್ತು ತಂದ. ಒಳಗೆ ನಮ್ಮ ಯೂನಿಟ್ಟಿನ ಗುಂಡಿ, ನಕ್ಷತ್ರದ ಗುರುತಿನ ಸಮೇತ. ಸ್ಟ್ಯಾಂಡಿನಲ್ಲಿ ಎಲ್ಲರಿಗೂ ತೋರಿಸಿದ. ಸೂರಪ್ಪ ನಕ್ಕು, ಅದನ್ನು ನೀನೇ ತುರುಕಿ ತಂದಿದ್ದೀಯ ಎಂದ. ಊರೂ ನಕ್ಕಿತು. ಸೂರಪ್ಪ ಗುಂಡಿ ಒಯ್ಯುತ್ತಿದ್ದುದು ನಿಜ ಎಂದು ನಾನು ಸಾಕ್ಷಿ ಹೇಳಿದೆ. ಗುಂಡಿ ಯಾರು ಒಯ್ಯುವುದಿಲ್ಲ ಹೇಳು ಎಂದು ನನ್ನ ಬಾಯಿ ಮುಚ್ಚಿಸಿದರು.

ಓಬಳಪ್ಪ ಆ ಡಬ್ಬಿಯನ್ನು ಅಂಗಡಿಯ ಮೊಳೆಗೆ ತೂಗುಹಾಕಿದ. "ಅವನ ಬಾಯಲ್ಲೇ ಹೇಳಿಸ್ತೀನಿ ಕಣಕ್ಕ," ಎಂದ. ಆಮೇಲೆ ಡಿ. ಹಿರೇಹಾಳ್ ಕಡೆ ಟ್ರ್ಯಾಕ್ಟರುಗಳ ವೈರಿಂಗ್ ಮಾಡಿಕೊಂಡು ಹೊಟ್ಟೆ ಹೊರೆದ. ಅಲ್ಲಿ ಅವನನ್ನು ಯಾರೂ ಬೆಂಕಿ ಎನ್ನುತ್ತಿರಲಿಲ್ಲ.

ಒಂಬತ್ತು ವರ್ಷಕ್ಕೆ ಸೂರಪ್ಪ ತಾನಾಗಿಯೇ ಬಂದ. ಹೊಸ ಪಿಕಪ್ಪು, ಮೊಮ್ಮಗನ ಮುಡಿ ಕೊಡಲು ತಿರುಪತಿಗೆ ಹೋಗಬೇಕು, ಕೂಸಿಗೆ ಕ್ಯಾಬಿನ್ನಿನಲ್ಲಿ ಫ್ಯಾನು ಬೇಕು. ಸೊಸೆ ಸೌಭಾಗ್ಯ ಡಿ. ಹಿರೇಹಾಳಿನವಳು. ಅವಳ ತವರಿನ ಟ್ರ್ಯಾಕ್ಟರಿನ ವೈರಿಂಗ್ ಓಬಳಪ್ಪನದೇ. ಓಬಳಪ್ಪನವರ ಕೈಯಲ್ಲಿ ಮಾಡಿಸಿದರಷ್ಟೇ ಕೂಸನ್ನು ಹತ್ತಿಸುತ್ತೇನೆ ಎಂದು ಹಟ ಹಿಡಿದಿದ್ದಳು.

"ಹಳೇದೆಲ್ಲಾ ಬಿಡ್ರಿ, ಯಾಕ ಮನಸಿನ್ಯಾಗ ಇಟ್ಕೊಂತೀರಿ," ಎಂದ ಸೂರಪ್ಪ.

ಓಬಳಪ್ಪ ಕೆಲಸಕ್ಕೆ ಕೂತ. ಅರ್ಧ ದಿನ ಹಿಡಿದು ಅಚ್ಚುಕಟ್ಟಾಗಿ ಮಾಡಿದ. ಕೊನೆಗೆ ಬೇಕಾದದ್ದಕ್ಕಿಂತ ತೀರಾ ಸಣ್ಣ ಫ್ಯೂಸ್ ಹಾಕಿದ. ಫ್ಯಾನು ಹಾಕಿದ ಕೂಡಲೇ ಅದು ಸುಟ್ಟು ಸುಮ್ಮನಾಗುತ್ತದೆ, ಯಾರಿಗೂ ಅಪಾಯವಿಲ್ಲ ಎಂದು ನನಗೆ ಮೊದಲೇ ಹೇಳಿದ್ದ. ನಾಳೆ ಹೊರಡುವ ಮುಂಚೆ ಸ್ಟ್ಯಾಂಡಿಗೆ ಬಾ, ಅಲ್ಲೇ ಫ್ಯಾನು ಹಾಕಿ ನೋಡೋಣ ಎಂದು ಸೂರಪ್ಪನನ್ನು ಕಳಿಸಿದ. ಮರುದಿನ ಅದನ್ನು ನೋಡಲೆಂದೇ ನಾನು ಕೆಲಸಕ್ಕೆ ತಡವಾಗಿ ಹೋದೆ.

ಬೆಳಿಗ್ಗೆ ಎಂಟಕ್ಕೆ ಸ್ಟ್ಯಾಂಡಿನಲ್ಲಿ ಹತ್ತು ಹನ್ನೆರಡು ಡ್ರೈವರುಗಳಿದ್ದರು. ಫ್ಯಾನು ಹಾಕು, ಒಂದು ಟೀ ಕುಡಿದು ಬರುತ್ತೇನೆ ಎಂದು ಓಬಳಪ್ಪ ಎದುರಿನ ಅಂಗಡಿಗೆ ನಡೆದ. ಫ್ಯಾನು ಒಂದು ಸುತ್ತು ತಿರುಗಿ ನಿಂತಿತು. ಸೂರಪ್ಪ ಗೊಣಗುತ್ತಾ ಬಾನೆಟ್ ಎತ್ತಿದ, ಸುಟ್ಟ ಫ್ಯೂಸ್ ಕಿತ್ತೆಸೆದ, ಜೇಬಿಗೆ ಕೈ ಹಾಕಿದ. ಓಬಳಪ್ಪನನ್ನು ಒಂದು ಕೂಗು ಕರೆದಿದ್ದರೆ ಬಚಾವಾಗುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಗಾಡಿ ಸುಟ್ಟರೂ ಇವನದು ಹೋಗಿರಲಿಲ್ಲ. ಗುಂಡಿ ಒತ್ತಿಯೇಬಿಟ್ಟ.

ಓಬಳಪ್ಪ ರಸ್ತೆ ದಾಟಿ ಬಂದು ಅವನ ಮಣಿಕಟ್ಟು ಹಿಡಿದ. ಎಲ್ಲರೂ ಬಂದು ನೋಡಿ ಎಂದ. ನೋಡಿದರು.

"ಹೋದ ಸಲ ಇದನ್ನ ಯಾರು ಹಾಕಿದ್ದು? ಈಗ ಹೇಳು."

ಸೂರಪ್ಪ ನೆಲ ನೋಡುತ್ತಾ, ಅನಂತಪುರ ಮುಟ್ಟುವ ತನಕ ಅಂತ ಹಾಕಿದೆ ಎಂದು ತೊದಲಿದ. ಅಷ್ಟರಲ್ಲಿ ಕ್ಯಾಬಿನ್ನಿನಲ್ಲಿ ಕೂತಿದ್ದ ಸೌಭಾಗ್ಯ ಕೂಸನ್ನು ಎತ್ತಿಕೊಂಡು ಕೆಳಗಿಳಿದಳು.

"ಮಾವ, ನನ್ನ ಕೂಸು ಮಲಗೋ ಗಾಡಿಗೆ ಇದನ್ನ ಹಾಕಿದ್ರೇನ್ರಿ? ಅವರು ಕೇಳಿದ್ದಕ್ಕ ಹೇಳ್ರಿ."

"ನಾನ ಹಾಕಿದ್ದೆ," ಎಂದ ಸೂರಪ್ಪ. "ಆವಾಗ್ಲೂ ನಾನ."

ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಅವನ ಮುಖ ಇನ್ನಷ್ಟು ಬಾಡಲಿ ಎಂದು ಕಾದು ನಿಂತು ನೋಡಿದೆ.

ಓಬಳಪ್ಪ ಸರಿಯಾದ ಫ್ಯೂಸ್ ಹಾಕಿದ. ಫ್ಯಾನು ತಿರುಗಿತು. ದಾರಿಗೆಂದು ಇನ್ನೂ ನಾಲ್ಕು ಫ್ಯೂಸ್ ತೆಗೆದಾಗ ಸೂರಪ್ಪ ಕೈ ಚಾಚಿದ. ಓಬಳಪ್ಪ ಆ ಕೈ ದಾಟಿ ಸೌಭಾಗ್ಯಳ ಅಂಗೈಯಲ್ಲಿ ಇಟ್ಟ.

"ಬೇಕಾದಾಗ ನೀವೇ ಹಾಕಿ ತಾಯಿ. ಇವನ ಕೈಗೆ ಕೊಡ್ಬೇಡಿ."

ಅವಳು ಅವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಹತ್ತುವ ಮುಂಚೆ ಅಷ್ಟೂ ಡ್ರೈವರುಗಳ ಎದುರಿಗೆ ಮಾವನ ಮುಂದೆ ಕೈಯೊಡ್ಡಿ, ಜೇಬಿನಲ್ಲಿ ಉಳಿದ ಗುಂಡಿಗಳನ್ನು ಕೇಳಿ ಇಸಿದುಕೊಂಡಳು.