ಸೊಂಟಕ್ಕೆ ಕಟ್ಟಿದ ಜೋಳ

ವಿಜಯಪುರದ ನಮ್ಮ ಶಾಲೆಯಲ್ಲಿ ವರ್ಷಕ್ಕೆ ಎರಡು ಸಲ ಮಕ್ಕಳ ಎತ್ತರ, ತೂಕ ನೋಡುತ್ತೇವೆ. ಯಾರಿಗೆ ಬೊಜ್ಜು ಬರುತ್ತಿದೆ ಎಂದು ತಿಳಿಯುವುದಕ್ಕೆ. ನಾನು ಅಂಕಿ ಕೂಗಬೇಕು, ಇನ್ನೊಬ್ಬ ಟೀಚರ್ ಬರೆದುಕೊಳ್ಳಬೇಕು. ನನ್ನದು ಮೊದಲೇ ದೊಡ್ಡ ಗಂಟಲು. ಇಷ್ಟು ವರ್ಷ ಏನೂ ಯೋಚಿಸದೆ ಕೂಗಿದ್ದೇನೆ. ನಾನು ಕಲಿತ ತಿಕೋಟಾದ ಶಾಲೆಯ ಅಂಗಳವನ್ನು ಅದು ಹೇಗೆ ಮರೆತಿದ್ದೆನೋ!

ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳ ತಾಯಿ, ನಮ್ಮ ಆಯಿ. ನಾನೋ ಕಡ್ಡಿ ಪೈಲ್ವಾನ. ಎಷ್ಟು ಉಂಡರೂ ಮೈಗೆ ಹತ್ತುತ್ತಿರಲಿಲ್ಲ. ಶಾಲೆಯಲ್ಲಿ ತೂಕ ಮಾಡುವ ದಿನ ಆಯಿ ಹಳೇ ಸೀರೆಯ ತುಂಡಿನಲ್ಲಿ ಎರಡು ಸೇರು ಜೋಳ ಗಂಟು ಕಟ್ಟಿ, ನನ್ನ ಲಂಗದೊಳಗೆ ಸೊಂಟಕ್ಕೆ ಬಿಗಿದಳು.

"ಅವ್ವಿಲ್ಲದ ಕೂಸಿಗಿ ಉಣ್ಣಾಕ ಹಾಕೂದಿಲ್ಲ ಅಂತಾರ ಜನ. ನಿಂತಾಗ ಅಲ್ಲಾಡಬ್ಯಾಡ ಯವ್ವಾ," ಎಂದವಳೇ, ಅಂಕಿ ಕೇಳಲು ತಾನೂ ಶಾಲೆಯ ಗೇಟಿನ ತನಕ ಬಂದು ನಿಂತಳು.

ತೂಕದ ಕಾಟಾದ ಮುಳ್ಳು ಜೋರಾಗಿಯೇ ತಿರುಗಿತು. ಇಳಿಯುವಾಗ ಗಂಟು ಬಿಚ್ಚಿಕೊಂಡು ಜೋಳ ಸುರ್ರನೆ ಅಂಗಳದ ತುಂಬ ಚೆಲ್ಲಿತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೇಟಿನಲ್ಲಿ ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬೆತ್ತಕ್ಕೆ ಹೆಸರಾದ ನಮ್ಮ ಮಾಸ್ತರರು ಅವಳ ಕಡೆಗೊಮ್ಮೆ ನೋಡಿ, ನನ್ನನ್ನು ಮತ್ತೆ ತೂಗಿ, ಖರೇ ಅಂಕಿಯನ್ನು ಸದ್ದಿಲ್ಲದೆ ಬರೆದುಕೊಂಡರು. ಆಮೇಲೆ ಇಡೀ ಅಂಗಳಕ್ಕೆ ಕೇಳುವ ಹಾಗೆ, "ಆಯಿ, ಹುಡುಗಿನ್ನ ಭಾಳ ಚೊಲೊ ಸಾಕೀರಿ ನೋಡ್ರಿ!" ಎಂದರು.

ಆಯಿ ಸಾಯುವ ತನಕ ಆ ಮಾತನ್ನು ಮನೆಗೆ ಬಂದವರಿಗೆಲ್ಲ ಹೇಳಿದಳು. ಈಗಲೂ ಯಾರಾದರೂ ಜೋಳ ಕೇರುವ ಸದ್ದು ಕಿವಿಗೆ ಬಿದ್ದರೆ ಅವಳು ಇರಬೇಕಿತ್ತು ಅನ್ನಿಸುತ್ತದೆ.

ಮೊನ್ನೆ ನಮ್ಮ ಶಾಲೆಯಲ್ಲಿ ಮತ್ತೆ ತೂಕದ ದಿನ. ಬಬಲೇಶ್ವರದಿಂದ ಬಸ್ಸಿಗೆ ಬರುವ ಏಳನೇ ತರಗತಿಯ ಹುಡುಗಿ, ಮೈ ತುಂಬಿಕೊಂಡವಳು, ಸಾಲಿನಲ್ಲಿ ನಿಂತಲ್ಲೇ ಕುಸಿದು ಕೂತಳು. ನೀರು ಕುಡಿಸಿ ಕೇಳಿದರೆ, ಹಿಂದಿನ ದಿನ ಮಧ್ಯಾಹ್ನದಿಂದ ಏನೂ ತಿಂದಿಲ್ಲ.

"ಯಾಕವ್ವಾ?"

"ಹೋದ ಸಲ ನೀವು ನನ್ನ ತೂಕ ಒದರಿದ್ರಲ್ರಿ ಟೀಚರ್. ಅವತ್ತಿಂದ ಎಲ್ಲಾರೂ ನನಗ ಅದ ನಂಬರ್ ಹಚ್ಚಿ ಕರೀತಾರ್ರಿ."

ನನ್ನ ಮೇಲೆ ನನಗೇ ಸಿಟ್ಟು ಬಂತು. ತೂಕದ ಯಂತ್ರ ಎತ್ತಿಕೊಂಡು, ಅವಳನ್ನು ಟೀಚರುಗಳ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿ, ನನ್ನ ಡಬ್ಬಿ ಬಿಚ್ಚಿದೆ. ರೊಟ್ಟಿ, ಶೇಂಗಾ ಹಿಂಡಿ, ಮೊಸರು.

"ತಿಂದ್ರ ತೂಕ ಏರ್ತದ್ರಿ."

"ಏರ್ಲಿ ಬಿಡವ್ವಾ."

ಒಂದು ರೊಟ್ಟಿ ತಿಂದು ಯಂತ್ರದ ಮೇಲೆ ನಿಂತಳು, ಕಣ್ಣು ಮುಚ್ಚಿಕೊಂಡು. ಹೊರಗಿನಿಂದ ಬರೆಯುವ ಟೀಚರ್, "ಎಷ್ಟ್ ಬಂತ್ರಿ?" ಎಂದು ಕೂಗಿದರು.

"ನಾನ ಬರಕೊಂಡೇನ್ರಿ," ಎಂದೆ, ಮೆಲ್ಲಗೆ.

ಹುಡುಗಿ ಕಣ್ಣು ತೆರೆದು ನನ್ನ ಮುಖ ನೋಡಿದಳು. ಇಳಿದು ಬಂದು ಇನ್ನೊಂದು ರೊಟ್ಟಿಗೆ ಕೈ ಹಾಕಿದಳು.